ಇಂಗ್ಲಿಷಿನ ಕಠಿಣ ಶಬ್ದಗಳನ್ನು ಬಿಡಿಸಿ ಓದುವ ಬಗೆ

ನಮ್ಮ ಕಾಲೇಜಿನಂತಹ ಸರ್ಕಾರಿ ಕಲಾ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷಿನ ವ್ಯಾಕರಣ ನಮಗೆ ಹೇಗೋ ಒಗ್ಗುತ್ತದೆ. ಚಿಕ್ಕ ಚಿಕ್ಕ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುವುದೂ ಕಾಲಕ್ರಮದಲ್ಲಿ ಸಾಧ್ಯವಾಗುತ್ತದೆ. ಆದರೆ ಪಠ್ಯದಲ್ಲಿಯೋ ಪತ್ರಿಕೆಯಲ್ಲಿಯೋ ಒಂದು ಉದ್ದನೆಯ, ಅಪರಿಚಿತ ಶಬ್ದ ಎದುರಾಯಿತೆಂದರೆ ನಮ್ಮ ಓದು ಅಲ್ಲಿಯೇ ನಿಂತುಬಿಡುತ್ತದೆ. ಇದು ಬುದ್ಧಿವಂತರ ಭಾಷೆ, ನಮ್ಮಂಥವರದಲ್ಲ ಎಂಬ ಅಧೈರ್ಯ ಮನಸ್ಸನ್ನು ಹೊಗುತ್ತದೆ. ಈ ಅಧೈರ್ಯಕ್ಕೆ ಕಾರಣವಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಕಠಿಣ ಶಬ್ದಗಳನ್ನು ಕಲಿಯಲು ನಮ್ಮಲ್ಲಿ ಬಳಕೆಯಲ್ಲಿರುವ ಮಾರ್ಗ ಒಂದೇ, ಬಾಯಿಪಾಠ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಸಾವಿರಗಟ್ಟಲೆ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಒಂದೊಂದು ಅರ್ಥವನ್ನು ಮುದ್ರಿಸಿರುತ್ತಾರೆ. ಈಗ ಮೊಬೈಲ್ ಫೋನಿನಲ್ಲಿಯೂ ದಿನಕ್ಕೆ ಹತ್ತು ಶಬ್ದಗಳಂತೆ ಪಟ್ಟಿ ಬರುತ್ತದೆ. ಸೋಮವಾರ ಕಲಿತ ಹತ್ತರಲ್ಲಿ ಗುರುವಾರಕ್ಕೆ ಎರಡು ಉಳಿದರೆ ಹೆಚ್ಚು. ಇದಕ್ಕೆ ನಮ್ಮ ಜ್ಞಾಪಕಶಕ್ತಿಯನ್ನು ಹಳಿದು ಪ್ರಯೋಜನವಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ೧೮೮೫ರಲ್ಲಿ ನೆನಪಿನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹಾಕುವುದಕ್ಕೆ ಹಿಡಿದ ಶ್ರಮದ ಸುಮಾರು ಹತ್ತನೆಯ ಒಂದು ಪಾಲಿನಲ್ಲಿಯೇ, ಅರ್ಥವಿರುವ ಪದ್ಯವನ್ನು ಕಲಿಯಬಹುದೆಂದು ಅವನು ಕಂಡುಕೊಂಡನು. ಒಳಗೇನಿದೆಯೆಂದು ತಿಳಿಯದ ಇಂಗ್ಲಿಷ್ ಶಬ್ದ ನಮ್ಮ ಪಾಲಿಗೆ ಅರ್ಥವಿಲ್ಲದ ಅಕ್ಷರಗುಚ್ಛವೇ ಸರಿ. ಅದರ ಒಳಗನ್ನು ಕಂಡರೆ ಶ್ರಮ ತಾನಾಗಿ ತಗ್ಗುತ್ತದೆ.

ಒಳಗನ್ನು ಕಾಣುವುದು ಹೇಗೆ? ಇಲ್ಲಿ ನಮ್ಮ ಹೈಸ್ಕೂಲಿನ ಕನ್ನಡ ವ್ಯಾಕರಣ ನೆರವಿಗೆ ಬರುತ್ತದೆ. ಧಾತು, ಉಪಸರ್ಗ, ಪ್ರತ್ಯಯ, ಸಂಧಿ ಎಂದು ಗುರುಗಳು ನಮಗೆ ಕಲಿಸಿದರಷ್ಟೆ. ‘ಈಕ್ಷ್’ ಎಂಬ ಸಂಸ್ಕೃತ ಧಾತುವಿಗೆ ನೋಡು ಎಂದು ಅರ್ಥ. ಅದರ ಹಿಂದೆ ಬೇರೆ ಬೇರೆ ಉಪಸರ್ಗಗಳನ್ನು ಸೇರಿಸಿದರೆ ಪರೀಕ್ಷೆ, ನಿರೀಕ್ಷೆ, ಅಪೇಕ್ಷೆ, ಉಪೇಕ್ಷೆ, ಸಮೀಕ್ಷೆ, ಪ್ರೇಕ್ಷಕ ಎಂಬ ಶಬ್ದಗಳು ಹುಟ್ಟುತ್ತವೆ. ‘ಪರಿ’ ಎಂದರೆ ಸುತ್ತಲೂ. ಸುತ್ತಲೂ ತಿರುಗಿಸಿ ನೋಡುವುದು ಪರೀಕ್ಷೆ. ನೋಡದಂತೆ ಇದ್ದುಬಿಡುವುದು ಉಪೇಕ್ಷೆ. ಕಾಣಬೇಕೆಂದು ಬಯಸುವುದು ಅಪೇಕ್ಷೆ. ಆರು ಶಬ್ದಗಳ ಹೊಟ್ಟೆಯಲ್ಲಿರುವುದು ಒಂದೇ ನೋಟ. ಉಪಸರ್ಗವು ಧಾತುವಿನ ಅರ್ಥವನ್ನು ಕೈಹಿಡಿದು ಬೇರೆ ಬೇರೆ ಕಡೆಗೆ ಎಳೆದೊಯ್ಯುತ್ತದೆ.

ಇಂಗ್ಲಿಷಿನಲ್ಲಿ ನಡೆದಿರುವುದೂ ಇದೇ. ಅಲ್ಲಿ ಲ್ಯಾಟಿನ್ ಭಾಷೆಯಿಂದ ಬಂದ ‘ಸ್ಪೆಕ್ಟ್’ ಎಂಬ ಅಂಗಕ್ಕೆ ನೋಡು ಎಂದು ಅರ್ಥ. ‘ಇನ್’ ಎಂದರೆ ಒಳಗೆ. ಒಳಹೊಕ್ಕು ನೋಡುವುದು ಇನ್‌ಸ್ಪೆಕ್ಟ್, ನೋಡುವವನು ಇನ್‌ಸ್ಪೆಕ್ಟರ್. ‘ಪ್ರೊ’ ಎಂದರೆ ಮುಂದೆ. ಮುಂದಿನದನ್ನು ನೋಡುವುದು ಪ್ರಾಸ್ಪೆಕ್ಟ್. ಕಾಲೇಜಿಗೆ ಸೇರುವಾಗ ನಾವೆಲ್ಲರೂ ಕೊಳ್ಳುವ ಪ್ರಾಸ್ಪೆಕ್ಟಸ್ ಎಂಬ ಪುಸ್ತಿಕೆಯ ಹೆಸರೂ ಇದರಿಂದಲೇ ಬಂದಿದೆ. ‘ರೆಟ್ರೊ’ ಎಂದರೆ ಹಿಂದಕ್ಕೆ; ಆದುದರಿಂದ ರೆಟ್ರೊಸ್ಪೆಕ್ಟ್ ಎಂಬುದು ನಮ್ಮ ಸಿಂಹಾವಲೋಕನ. ‘ಸಬ್’ ಎಂದರೆ ಕೆಳಗೆ. ಕೆಳಗಣ್ಣಿನಿಂದ ನೋಡುವುದು ಸಸ್ಪೆಕ್ಟ್, ಎಂದರೆ ಸಂಶಯಪಡುವುದು. ‘ಸರ್ಕಮ್’ ಎಂದರೆ ಸುತ್ತಲೂ; ಸುತ್ತಮುತ್ತ ನೋಡಿಕೊಂಡು ಹೆಜ್ಜೆಯಿಡುವ ಎಚ್ಚರಿಕೆಯ ಮನುಷ್ಯನು ಸರ್ಕಮ್‌ಸ್ಪೆಕ್ಟ್. ‘ಇಂಟ್ರೊ’ ಎಂದರೆ ಒಳಮುಖವಾಗಿ. ಇಂಟ್ರೊಸ್ಪೆಕ್ಷನ್ ಎಂದರೆ ಆತ್ಮಪರಿಶೀಲನೆ. ‘ಎಕ್ಸ್’ ಎಂದರೆ ಹೊರಗೆ. ಬಾಗಿಲಲ್ಲಿ ನಿಂತು ಹೊರಗೆ ನೋಡುವವರು ಯಾರದೋ ಬರವನ್ನು ಕಾಯುತ್ತಿರುತ್ತಾರೆ, ಅದು ಎಕ್ಸ್‌ಪೆಕ್ಟ್. ನಮ್ಮ ‘ನಿರೀಕ್ಷೆ’ಯನ್ನು ಬಿಡಿಸಿದರೂ ‘ನಿರ್’ ಮತ್ತು ‘ಈಕ್ಷೆ’, ಎಂದರೆ ಹೊರಗೆ ನೋಡುವುದು ಎಂದೇ ಆಗುತ್ತದೆ. ಒಂದು ಅಂಗವನ್ನು ಅರಿತರೆ ಏಳು ಶಬ್ದಗಳು ಬಂದವು. ಪಟ್ಟಿಯಲ್ಲಿ ಇವೇ ಏಳು ಶಬ್ದಗಳು ಏಳು ಪುಟಗಳಲ್ಲಿ, ಪರಸ್ಪರ ಪರಿಚಯವಿಲ್ಲದ ಅಪರಿಚಿತರಂತೆ ಕುಳಿತಿರುತ್ತವೆ.

ಸಂಧಿಯ ವಿಷಯವೂ ಹೀಗೆಯೇ. ‘ಸತ್’ ಮತ್ತು ‘ಜನ’ ಸೇರಿದರೆ ಸಜ್ಜನ, ‘ಜಗತ್’ ಮತ್ತು ‘ನಾಥ’ ಸೇರಿದರೆ ಜಗನ್ನಾಥ ಆಗುವುದನ್ನು ನಾವು ಸೂತ್ರಸಹಿತ ಓದಿದ್ದೇವೆ. ಎರಡು ವ್ಯಂಜನಗಳು ಕೂಡಿದಾಗ ಮೊದಲಿನದು ಎರಡನೆಯದರ ರೂಪವನ್ನು ತಾಳುತ್ತದೆ. ಇಂಗ್ಲಿಷಿನಲ್ಲಿ ಇಲ್ಲ ಎಂಬರ್ಥದ ‘ಇನ್’, ಲೀಗಲ್ ಎಂಬುದರ ಮುಂದೆ ‘ಇಲ್’ ಆಗಿ ಇಲ್ಲೀಗಲ್ ಎಂದೂ, ಮಾರಲ್ ಎಂಬುದರ ಮುಂದೆ ‘ಇಮ್’ ಆಗಿ ಇಮ್ಮಾರಲ್ ಎಂದೂ, ರೆಗ್ಯುಲರ್ ಎಂಬುದರ ಮುಂದೆ ‘ಇರ್’ ಆಗಿ ಇರ್‍ರೆಗ್ಯುಲರ್ ಎಂದೂ ಬದಲಾಗುತ್ತದೆ. ಹಾಗೆಯೇ ‘ಸಬ್’ ಮತ್ತು ‘ಪೋರ್ಟ್’ ಸೇರಿ ಸಪೋರ್ಟ್ ಆಯಿತು, ಕೆಳಗಿನಿಂದ ಹೊರುವುದು ಎಂದು ಅದರ ಮೂಲಾರ್ಥ. ಇಂತಹ ಶಬ್ದಗಳ ಕಾಗುಣಿತದಲ್ಲಿ ಒಂದೇ ಅಕ್ಷರ ಏಕೆ ಎರಡು ಸಲ ಬರುತ್ತದೆಂದು ಗೊಂದಲಪಡುವವರು ಈ ಸಂಧಿಯನ್ನು ನೆನೆದರೆ ಸಾಕು.

ಇನ್ನು, ಈ ಹೋಲಿಕೆ ಕೇವಲ ರಚನೆಯ ಹೋಲಿಕೆಯೂ ಅಲ್ಲ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಏಷಿಯಾಟಿಕ್ ಸೊಸೈಟಿಯ ಮುಂದೆ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸಾಮ್ಯವು ಆಕಸ್ಮಿಕವಾಗಿರಲಾರದೆಂದೂ, ಅವು ಒಂದೇ ಮೂಲದಿಂದ ಹೊಮ್ಮಿರಬೇಕೆಂದೂ ಅಭಿಪ್ರಾಯಪಟ್ಟನು. ಅನಂತರದ ವಿದ್ವಾಂಸರು ಇದನ್ನು ಸಪ್ರಮಾಣವಾಗಿ ಸ್ಥಾಪಿಸಿದರು. ನಮ್ಮ ಕನ್ನಡವು ದ್ರಾವಿಡ ಭಾಷೆ. ಅದಕ್ಕೂ ಇಂಗ್ಲಿಷಿಗೂ ರಕ್ತಸಂಬಂಧವಿಲ್ಲ. ದ್ರಾವಿಡ ಭಾಷೆಗಳದು ಪ್ರತ್ಯೇಕ ಕುಟುಂಬವೆಂಬುದನ್ನು ಮದರಾಸಿನಲ್ಲಿದ್ದ ಎಲ್ಲಿಸನು ೧೮೧೬ರಲ್ಲಿಯೂ, ಕಾಲ್ಡ್‌ವೆಲ್ಲನು ೧೮೫೬ರಲ್ಲಿಯೂ ತೋರಿಸಿಕೊಟ್ಟಿದ್ದಾರೆ. ಆದರೆ ಕನ್ನಡವು ಸಂಸ್ಕೃತದಿಂದ ಧಾರಾಳವಾಗಿ ಶಬ್ದಗಳನ್ನು ಪಡೆದಿರುವಂತೆ, ಇಂಗ್ಲಿಷೂ ಗ್ರೀಕ್ ಲ್ಯಾಟಿನ್‌ಗಳಿಂದ ಧಾರಾಳವಾಗಿ ಪಡೆದಿದೆ. ಹೀಗಾಗಿ ನಾವು ತಂದಿಟ್ಟುಕೊಂಡ ಪದಾರ್ಥಕ್ಕೂ ಅವರು ತಂದಿಟ್ಟುಕೊಂಡ ಪದಾರ್ಥಕ್ಕೂ ಎಷ್ಟೋ ಕಡೆ ನಂಟಿದೆ.

ಕೆಲವು ಉದಾಹರಣೆಗಳನ್ನು ನೋಡೋಣ. ಹೆಸರಿಲ್ಲದ ಪತ್ರಕ್ಕೆ ನಾವು ಅನಾಮಧೇಯ ಎನ್ನುತ್ತೇವೆ, ಅವರು ಅನಾನಿಮಸ್ ಎನ್ನುತ್ತಾರೆ. ಎರಡರಲ್ಲಿಯೂ ಇಲ್ಲ ಎಂಬ ‘ಅನ್’ ಇದೆ, ಹೆಸರೆಂಬ ನಾಮವಿದೆ. ದಂತದ ನಂಟ ಡೆಂಟಿಸ್ಟ್. ನಾವೆಯ ನಂಟು ನೇವಿ. ಅಗ್ನಿಯ ಲ್ಯಾಟಿನ್ ರೂಪ ‘ಇಗ್ನಿಸ್’. ಅದರಿಂದ ಇಗ್ನೈಟ್, ಹೊತ್ತಿಸು. ‘ಸ್ಥಾ’ ಧಾತುವಿನಿಂದ ನಮಗೆ ಸ್ಥಾನ, ಸ್ಥಿರ ಬಂದರೆ ಅವರಿಗೆ ಸ್ಟೇಷನ್, ಸ್ಟೇಬಲ್ ಬಂದಿವೆ. ‘ಜ್ಞಾ’ ಧಾತುವಿನಿಂದ ನಮ್ಮ ಅಜ್ಞ, ಅದರ ದಾಯಾದಿ ಅವರ ಇಗ್ನೊರಂಟ್. ‘ಮೃ’ ಧಾತುವಿನ ಮರಣ, ಮೃತ, ಮರ್ತ್ಯ ಇಲ್ಲಿ. ಮಾರ್ಟಲ್, ಇಮ್ಮಾರ್ಟಲ್ ಅಲ್ಲಿ. ಕೆಟ್ಟದ್ದೆಂದು ಸೂಚಿಸುವ ‘ದುಸ್’ ಗ್ರೀಕಿನಲ್ಲಿ ‘ಡಿಸ್’. ಬೇಯಿಸುವ, ಜೀರ್ಣಿಸುವ ‘ಪಚ್’ ಅಲ್ಲಿ ‘ಪೆಪ್’. ಎರಡೂ ಸೇರಿದ ಡಿಸ್‌ಪೆಪ್ಸಿಯಾ ಎಂಬ ಭಯಂಕರ ಶಬ್ದಕ್ಕೆ ದುಷ್ಪಚನ, ಎಂದರೆ ಅಜೀರ್ಣ ಎಂದರ್ಥ. ನಮ್ಮ ‘ಪರಿ’ ಗ್ರೀಕಿನ ‘ಪೆರಿ’, ನಮ್ಮ ‘ಉಪ’ ಗ್ರೀಕಿನ ‘ಹೈಪೊ’, ನಮ್ಮ ‘ಪ್ರ’ ಲ್ಯಾಟಿನಿನ ‘ಪ್ರೊ’. ಅಪರಿಚಿತರ ಊರೆಂದು ಹೆದರಿ ಹೋದಲ್ಲಿ ದೂರದ ನೆಂಟರ ಮನೆಗಳು ಕಂಡಂತಾಗುತ್ತದೆ.

ನಂಟಿಲ್ಲದ ಕಡೆಯೂ ನಮ್ಮ ಸಮಾಸಗಳು ಕೈಮರದಂತೆ ದಾರಿ ತೋರುತ್ತವೆ. ಸರ್ಕಾರದ ಯೋಜನೆಗಳ ಪಟ್ಟಿಯಲ್ಲಿ ಹಳ್ಳಿಯ ಪ್ರತಿಯೊಬ್ಬರೂ ಕೇಳಿರುವ ಶಬ್ದ ಫಲಾನುಭವಿ. ಅದಕ್ಕೆ ಇಂಗ್ಲಿಷಿನಲ್ಲಿ ಬೆನಿಫಿಷಿಯರಿ. ‘ಬೆನೆ’ ಎಂದರೆ ಒಳ್ಳೆಯದು. ಒಳ್ಳೆಯದು ಯಾರಿಗೆ ಆಗುವುದೋ ಅವರು. ಇದರ ವಿರುದ್ಧವಾದುದು ‘ಮ್ಯಾಲ್’, ಕೆಟ್ಟದು. ಮ್ಯಾಲ್‌ನ್ಯೂಟ್ರಿಷನ್ ಎಂದರೆ ಅಪೌಷ್ಟಿಕತೆ. ‘ವಾಲ್’ ಎಂದರೆ ಬಯಸು. ಬೆನೆವೊಲಂಟ್ ಎಂದರೆ ಒಳಿತನ್ನು ಬಯಸುವವನು, ಮೆಲೆವೊಲಂಟ್ ಎಂದರೆ ಕೇಡನ್ನು ಬಯಸುವವನು. ‘ಸೈಡ್’ ಎಂದರೆ ಕೊಲ್ಲುವುದು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಮೇಲಿನ ಇನ್‌ಸೆಕ್ಟಿಸೈಡ್ ಕೀಟನಾಶಕ, ಹರ್ಬಿಸೈಡ್ ಕಳೆನಾಶಕ, ಫಂಗಿಸೈಡ್ ಶಿಲೀಂಧ್ರನಾಶಕ. ಈ ಮೂರರ ವ್ಯತ್ಯಾಸ ತಿಳಿಯದೆ ಕಳೆನಾಶಕವನ್ನು ಪೈರಿಗೆ ಹೊಡೆದರೆ ಒಂದು ವರ್ಷದ ಅನ್ನ ಹೋಗುತ್ತದೆ. ಶಬ್ದಜ್ಞಾನವು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಇಷ್ಟೊಂದು ಶಬ್ದಗಳು ಏಕಿವೆ ಎಂದು ಸಹಪಾಠಿಗಳು ಬೇಸರಪಡುವುದುಂಟು. ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಅಂದಿನಿಂದ ಬಹುಕಾಲ ಅಲ್ಲಿನ ಅರಮನೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಫ್ರೆಂಚ್ ಭಾಷೆ ನಡೆಯಿತು. ಮಠಗಳಲ್ಲಿ, ವಿದ್ವಾಂಸರಲ್ಲಿ ಲ್ಯಾಟಿನ್ ಇತ್ತು. ಹೊಲ ಉಳುವವರು ಮಾತ್ರ ಇಂಗ್ಲಿಷನ್ನು ಉಳಿಸಿಕೊಂಡರು. ಮೂರೂ ಬೆರೆತು ಇಂದಿನ ಇಂಗ್ಲಿಷ್ ಆಯಿತು. ಆದುದರಿಂದ ಕೇಳುವುದಕ್ಕೆ ಆಸ್ಕ್ ಎಂಬುದು ದೇಶ್ಯ, ಕ್ವೆಶ್ಚನ್ ಎಂಬುದು ಫ್ರೆಂಚ್, ಇಂಟರಾಗೇಟ್ ಎಂಬುದು ಲ್ಯಾಟಿನ್. ರಾಜೋಚಿತವಾದುದಕ್ಕೆ ಕಿಂಗ್ಲಿ, ರಾಯಲ್, ರೀಗಲ್ ಎಂದು ಮೂರು. ಬೆಂಕಿಗೆ ಫೈರ್, ಫ್ಲೇಮ್, ಕಾನ್‌ಫ್ಲಗ್ರೇಷನ್. ಹಟ್ಟಿಯಲ್ಲಿ ರೈತನು ಸಾಕುವಾಗ ಕುರಿಯ ಹೆಸರು ಷೀಪ್, ದೊರೆಯ ತಟ್ಟೆಗೆ ಬಂದ ಮೇಲೆ ಅದರ ಮಾಂಸದ ಹೆಸರು ಮಟನ್. ಮೊದಲನೆಯದು ಇಂಗ್ಲಿಷರದು, ಎರಡನೆಯದು ಫ್ರೆಂಚರದು.

ಈ ಪದರಗಳು ನಮಗೆ ಹೊಸವಲ್ಲ. ಮನೆ ದೇಶ್ಯ, ಗೃಹ ತತ್ಸಮ. ಹೊಸ ಮನೆಯಲ್ಲಿ ಗೃಹಪ್ರವೇಶ ಮಾಡುತ್ತೇವೆ, ಸಂಜೆಗೆ ಮನೆಗೆ ಹೋಗುತ್ತೇವೆ. ಸಂಜೆಗೆ ಗೃಹಕ್ಕೆ ಹೋಗುತ್ತೇನೆ ಎಂದವನನ್ನು ನೋಡಿ ಜನ ನಗುತ್ತಾರೆ. ಇಂಗ್ಲಿಷಿನಲ್ಲಿಯೂ ಪೋಲೀಸರು ಆರೋಪಿಯನ್ನು ಇಂಟರಾಗೇಟ್ ಮಾಡಬಹುದು. ಗೆಳೆಯನನ್ನು ಊಟವಾಯಿತೇ ಎಂದು ಇಂಟರಾಗೇಟ್ ಮಾಡಲಾಗದು. ಅರ್ಥ ಒಂದೇ ಆದರೂ ಶಬ್ದಕ್ಕೆ ಸ್ಥಾನವೊಂದಿದೆ, ಸಂದರ್ಭವೊಂದಿದೆ. ಪಟ್ಟಿಯ ಬಾಯಿಪಾಠದಲ್ಲಿ ಈ ಸ್ಥಾನಜ್ಞಾನ ದೊರೆಯುವುದಿಲ್ಲ. ಶಬ್ದವನ್ನು ವಾಕ್ಯದೊಡನೆಯೇ ಕಲಿಯಬೇಕೆನ್ನುವುದು ಇದಕ್ಕಾಗಿಯೇ.

ಬಿಡಿಸಿ ಓದುವ ಮಾರ್ಗದಲ್ಲಿ ಹಳ್ಳಗಳೂ ಇವೆ ಎಂಬುದನ್ನು ಮುಚ್ಚಿಡಬಾರದು. ಮೊದಲನೆಯದು ಹುಸಿ ಹೋಲಿಕೆ. ಇಂಗ್ಲಿಷಿನ ಎಯ್ಟ್ ನಮ್ಮ ಎಂಟರಂತೆ ಕೇಳಿಸುತ್ತದೆ. ಆದರೆ ಎಂಟು ದ್ರಾವಿಡ ಶಬ್ದ. ಎಯ್ಟ್‌ನ ನಿಜವಾದ ನಂಟ ಸಂಸ್ಕೃತದ ಅಷ್ಟ. ಎರಡನೆಯದು ಒಂದೇ ರೂಪದ ಎರಡು ಅಂಗಗಳು. ಪೆಡೆಸ್ಟ್ರಿಯನ್ ಎಂದರೆ ಪಾದಚಾರಿ, ಅಲ್ಲಿ ‘ಪೆಡ್’ ಲ್ಯಾಟಿನಿನ ಪಾದ. ಪೆಡಗಾಜಿ ಎಂದರೆ ಬೋಧನಶಾಸ್ತ್ರ, ಅಲ್ಲಿ ‘ಪೆಡ್’ ಗ್ರೀಕಿನ ಮಗು. ಮೂರನೆಯದು ಉಪಸರ್ಗದ ಮೋಸ. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನೋಡುತ್ತೇವೆ. ‘ಇನ್’ ಎಂದರೆ ಇಲ್ಲ ಎಂದು ಎಣಿಸಿ, ಇದು ಹೊತ್ತಿಕೊಳ್ಳದ ಪದಾರ್ಥವೆಂದು ಯಾರಾದರೂ ತಿಳಿದರೆ ಗತಿಯೇನು? ಇಲ್ಲಿನ ‘ಇನ್’ ಇಲ್ಲ ಎಂಬರ್ಥದ್ದಲ್ಲ, ಒಳಗೆ ಎಂಬರ್ಥದ್ದು. ಜ್ವಾಲೆಯನ್ನು ಒಳಗೊಳ್ಳುವಂಥದು ಎಂದು ಭಾವ. ಈ ಅಪಾಯವನ್ನು ಮನಗಂಡು ೨೦ನೆಯ ಶತಮಾನದಲ್ಲಿ ಅಮೆರಿಕದವರು ಇಂತಹ ಎಚ್ಚರಿಕೆಯ ಫಲಕಗಳಲ್ಲಿ ‘ಇನ್’ ತೆಗೆದು ಫ್ಲೇಮಬಲ್ ಎಂದೇ ಬರೆಯತೊಡಗಿದರು.

ಇನ್‌ವ್ಯಾಲ್ಯುಬಲ್ ಎಂಬ ಶಬ್ದದ ಬಗೆ ಬೇರೆ. ಅಲ್ಲಿ ‘ಇನ್’ ಎಂದರೆ ಇಲ್ಲ ಎಂದೇ ಅರ್ಥ. ಆದರೂ ಬೆಲೆಯಿಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದ್ದು ಎಂದು ತಾತ್ಪರ್ಯ. ಕನ್ನಡದ ಅಮೂಲ್ಯ ಎಂಬ ಶಬ್ದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ.

ನಾಲ್ಕನೆಯ ಹಳ್ಳವೆಂದರೆ ಅರ್ಥದ ಅಲೆದಾಟ. ಶಿಕ್ಷಾ ಎಂದರೆ ಸಂಸ್ಕೃತದಲ್ಲಿ ಕಲಿಕೆ, ಕನ್ನಡದಲ್ಲಿ ಶಿಕ್ಷೆಯೆಂದರೆ ದಂಡನೆ. ಅವಸರವೆಂದರೆ ಸಂಸ್ಕೃತದಲ್ಲಿ ಸಮಯ, ಅವಕಾಶ, ಕನ್ನಡದಲ್ಲಿ ಆತುರ. ಹಾಗೆಯೇ ಇಂಗ್ಲಿಷಿನ ನೈಸ್ ಎಂಬ ಮುದ್ದಾದ ಶಬ್ದವು ಏನೂ ಅರಿಯದವನು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹೊರಟು, ಶತಮಾನಗಳ ಕಾಲ ಅಲೆದು, ಈಗ ಚೆಲುವಾದುದು, ಹಿತವಾದುದು ಎಂಬಲ್ಲಿಗೆ ಬಂದು ನಿಂತಿದೆ. ಧಾತು ದಾರಿಯನ್ನು ತೋರಿಸೀತು. ಊರು ಸೇರಿತೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ನಿಘಂಟನ್ನು ತೆರೆಯಲೇಬೇಕು. ಮೈಸೂರು ವಿಶ್ವವಿದ್ಯಾನಿಲಯವು ೧೯೪೬ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಪ್ರಕಟಿಸಿದುದು ನಮ್ಮಂತಹ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರ. ಇಂಗ್ಲಿಷ್ ಶಬ್ದದ ಮುಂದೆ ಕನ್ನಡದ ಹಲವು ಪರ್ಯಾಯಗಳನ್ನು ಒಟ್ಟಿಗೆ ಕಂಡಾಗ ಅದರ ಅರ್ಥದ ಎಲ್ಲೆಕಟ್ಟು ಸ್ಪಷ್ಟವಾಗುತ್ತದೆ.

ನಾನು ಅನುಸರಿಸುತ್ತಿರುವ ಕ್ರಮವನ್ನೂ ಇಲ್ಲಿ ತಿಳಿಸುತ್ತೇನೆ. ಒಂದು ನೋಟುಪುಸ್ತಕದ ಪುಟವನ್ನು ನಾಲ್ಕು ಭಾಗ ಮಾಡಿ, ಮೊದಲನೆಯದರಲ್ಲಿ ಶಬ್ದವನ್ನೂ, ಎರಡನೆಯದರಲ್ಲಿ ಅದರ ಅಂಗಗಳನ್ನೂ, ಮೂರನೆಯದರಲ್ಲಿ ಅದು ನನಗೆ ಎದುರಾದ ವಾಕ್ಯವನ್ನೂ, ನಾಲ್ಕನೆಯದರಲ್ಲಿ ನಾನೇ ರಚಿಸಿದ ಒಂದು ವಾಕ್ಯವನ್ನೂ ಬರೆಯುತ್ತೇನೆ. ದಿನಕ್ಕೆ ಮೂರು ಶಬ್ದಗಳಿಗಿಂತ ಹೆಚ್ಚಿಲ್ಲ. ಮರುದಿನ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಕಳೆದು ಒಂದು ಸಲ ಮೊದಲ ಭಾಗವನ್ನು ಮಾತ್ರ ನೋಡಿ ಉಳಿದುದನ್ನು ನೆನಪಿನಿಂದ ಹೇಳಿಕೊಳ್ಳುತ್ತೇನೆ. ಒಂದೇ ದಿನ ಅನೇಕ ಸಲ ಉರು ಹಾಕುವುದಕ್ಕಿಂತ, ಬಿಡುವು ಕೊಟ್ಟು ಹಲವು ದಿನ ಓದುವುದು ಮೇಲೆಂಬುದೂ ಮೇಲೆ ಹೇಳಿದ ಎಬ್ಬಿಂಗ್‌ಹೌಸನ ಪ್ರಯೋಗಗಳಿಂದ ತಿಳಿದುಬಂದಿದೆ. ದಿನಕ್ಕೆ ಮೂರರಂತೆ ವರ್ಷಕ್ಕೆ ಸಾವಿರ ಶಬ್ದ. ಮೂರು ವರ್ಷದ ಬಿ.ಎ. ಮುಗಿಯುವುದರೊಳಗೆ ಮೂರು ಸಾವಿರ. ಒಂದೊಂದು ಅಂಗವೂ ಜೊತೆಗೆ ಕರೆತರುವ ನೆಂಟರನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟೆಲ್ಲ ಶ್ರಮ ಯಾವುದಕ್ಕಾಗಿ ಎಂದು ಕೇಳಬಹುದು. ಉದ್ಯೋಗಕ್ಕಾಗಿ ಎಂಬುದು ಸಹಜವಾದ ಉತ್ತರ, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ನನ್ನ ಅನುಭವದಲ್ಲಿ ಇನ್ನೊಂದು ಉತ್ತರವೂ ಇದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಇಂಗ್ಲಿಷಿನಲ್ಲಿರುವ ಯಾವ ಕಾಗದ ಬಂದರೂ ಕೇರಿಯವರು ನನ್ನ ಕೈಗೆ ತಂದುಕೊಡುತ್ತಾರೆ. ಆ ಕಾಗದಗಳಲ್ಲಿ ಬರುವ ಶಬ್ದಗಳು ಕೈಪಿಡಿಯ ಶಬ್ದಗಳಿಗಿಂತ ಕಠಿಣವಾದವು. ಅವುಗಳ ಅರ್ಥ ತಪ್ಪಿದರೆ ಹೋಗುವುದು ಅಂಕವಲ್ಲ, ಜಮೀನು.

ಸಾಲಕ್ಕೆ ಭದ್ರತೆ ಕೊಡುವ ವಿಧಾನಗಳನ್ನೇ ತೆಗೆದುಕೊಳ್ಳೋಣ. ಒಡವೆಯನ್ನು ಸಾಲ ಕೊಟ್ಟವರ ವಶಕ್ಕೆ ಒಪ್ಪಿಸಿ ಪಡೆಯುವುದು ಪ್ಲೆಜ್, ನಮ್ಮ ಗಿರವಿ; ೧೮೭೨ರ ಕರಾರು ಕಾಯಿದೆಯಲ್ಲಿ ಇದರ ವಿವರಣೆಯಿದೆ. ಭೂಮಿ, ಮನೆ ಮುಂತಾದ ಸ್ಥಿರಾಸ್ತಿಯ ಹಕ್ಕನ್ನು ಸಾಲದ ಭದ್ರತೆಗಾಗಿ ಬರೆದುಕೊಡುವುದು ಮಾರ್ಟ್‌ಗೇಜ್, ಅಡಮಾನ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯು ಇದರಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಆ ಶಬ್ದದ ‘ಮಾರ್ಟ್’ ನಮ್ಮ ‘ಮೃತ’ದ ದಾಯಾದಿ, ‘ಗೇಜ್’ ಎಂದರೆ ಒತ್ತೆ. ಸಾಲ ತೀರದಿದ್ದರೆ ಆಸ್ತಿಯು ಸಾಲಗಾರನ ಪಾಲಿಗೆ ಸತ್ತಂತೆ, ತೀರಿದರೆ ಒತ್ತೆಯು ಸಾಲ ಕೊಟ್ಟವನ ಪಾಲಿಗೆ ಸತ್ತಂತೆ ಎಂದು ೧೭ನೆಯ ಶತಮಾನದ ಇಂಗ್ಲಿಷ್ ನ್ಯಾಯವಿದ ಎಡ್ವರ್ಡ್ ಕೋಕನು ಈ ಹೆಸರನ್ನು ವಿವರಿಸಿದನು. ಆರು ಬಗೆಗಳಲ್ಲಿ ಒಂದರ ಹೆಸರು ಯೂಸುಫ್ರಕ್ಚುಯರಿ ಮಾರ್ಟ್‌ಗೇಜ್. ನಾಲಿಗೆ ತೊಡರಿಸುವ ಈ ಶಬ್ದವನ್ನು ಬಿಡಿಸಿದರೆ ಯೂಸ್ ಮತ್ತು ಫ್ರೂಟ್, ಬಳಕೆ ಮತ್ತು ಫಲ. ಸಾಲ ತೀರುವವರೆಗೆ ಜಮೀನನ್ನು ವಶದಲ್ಲಿಟ್ಟುಕೊಂಡು ಅದರ ಫಲವನ್ನು ಅನುಭವಿಸುವುದು. ನಮ್ಮ ಅಜ್ಜಂದಿರು ಅದನ್ನೇ ಭೋಗ್ಯವೆಂದು ಕರೆಯುತ್ತಿದ್ದರು.

ಟ್ರ್ಯಾಕ್ಟರು, ಆಟೋ ಮುಂತಾದುವುಗಳ ಮೇಲೆ ಬ್ಯಾಂಕಿನ ಹೆಸರಿನೊಡನೆ ಕಾಣುವ ಶಬ್ದ ಹೈಪಾಥಿಕೇಷನ್. ‘ಹೈಪೊ’ ಎಂದರೆ ನಮ್ಮ ‘ಉಪ’, ಅದರ ಮುಂದಿನದು ಇಡು ಎಂಬರ್ಥದ ‘ಧಾ’ ಧಾತುವಿನ ಗ್ರೀಕ್ ನಂಟ. ಸಾಲದ ಕೆಳಗೆ ಇಟ್ಟದ್ದು ಎಂದು ಭಾವ. ವಾಹನ ನಮ್ಮ ವಶದಲ್ಲಿಯೇ ಇರುತ್ತದೆ, ನಾವೇ ಓಡಿಸುತ್ತೇವೆ. ಆದರೆ ಸಾಲ ತೀರುವವರೆಗೆ ಅದರ ಮೇಲೆ ಬ್ಯಾಂಕಿನ ಹಕ್ಕು ಇದ್ದೇ ಇರುತ್ತದೆ. ಇಂತಹ ವಾಹನವನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾರಲಾಗದು, ತಿಳಿಯದೆ ಕೊಂಡವನು ತೊಡಕಿಗೆ ಸಿಕ್ಕುತ್ತಾನೆ.

ಕಳೆದ ವರ್ಷ ನಮ್ಮ ಕೇರಿಯ ಹಿರಿಯರೊಬ್ಬರು, ನಾನು ದೊಡ್ಡಪ್ಪ ಎಂದು ಕರೆಯುವವರು, ಪರಿಚಿತರೊಬ್ಬರ ಸಾಲಕ್ಕೆ ಜಾಮೀನು ಹಾಕುವ ಕಾಗದವನ್ನು ತಂದರು. ‘ನೋಡವ್ವ, ಜಾಮೀನುದಾರರು ನಾವು ಇಬ್ಬರು. ಹೆಚ್ಚುಕಮ್ಮಿ ಆದರೂ ನನ್ನ ಪಾಲಿಗೆ ಬರೋದು ಅರ್ಧ ತಾನೆ?’ ಎಂದರು. ಕಾಗದದಲ್ಲಿದ್ದುದು ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬ ಮಾತು. ಸೆವರಲ್ ಎಂದರೆ ಹಲವು ಎಂದು ನಾವು ಪ್ರಾಥಮಿಕ ಶಾಲೆಯಿಂದ ಕಲಿತಿದ್ದೇವೆ. ಹಲವರು ಸೇರಿ ಹಂಚಿಕೊಂಡು ಕೊಡುವುದೆಂದು ಅರ್ಥ ಮಾಡಿದರೆ ಸರಿಯೆಂದೇ ತೋರುತ್ತದೆ. ಆದರೆ ಆ ಶಬ್ದದ ಮೂಲಾರ್ಥ ಪ್ರತ್ಯೇಕವಾದುದು ಎಂದು. ಅದು ಸೆಪರೇಟ್ ಎಂಬುದರ ದಾಯಾದಿ. ಕಾನೂನಿನಲ್ಲಿ ಆ ಹಳೆಯ ಅರ್ಥವೇ ಉಳಿದಿದೆ. ಒಟ್ಟಾಗಿಯೂ ಹೊಣೆ, ಪ್ರತ್ಯೇಕವಾಗಿಯೂ ಹೊಣೆ. ಸಾಲಗಾರನು ಕೊಡದಿದ್ದರೆ ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣವನ್ನು ಕೇಳಬಹುದು. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದೆಂದು ಕರಾರು ಕಾಯಿದೆಯ ೧೨೮ನೆಯ ಕಲಮು ಹೇಳುತ್ತದೆ. ಇದನ್ನು ಬಿಡಿಸಿ ಹೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದರೆ ಅವನ ಹಳೇ ಬಾಕಿ ಎಷ್ಟೈತೆ ಅಂತ ಮೊದಲು ಕೇಳಬೇಕು’ ಎಂದು ಎದ್ದುಹೋದರು. ಕೇಳಿಕೊಂಡು ಬಂದ ಮೇಲೆ ಸಹಿಯನ್ನೂ ಹಾಕಿದರು. ಅದು ತಿಳಿದು ಹಾಕಿದ ಸಹಿ.

ಇಂಗ್ಲೆಂಡಿನ ರೈತನೂ ಒಂದು ಕಾಲದಲ್ಲಿ ಇದೇ ಸ್ಥಿತಿಯಲ್ಲಿದ್ದನು. ೧೩೬೨ರಲ್ಲಿ ಅಲ್ಲಿ ಒಂದು ಶಾಸನವಾಯಿತು. ಫ್ರೆಂಚ್ ಬಾರದ ಜನರಿಗೆ ನ್ಯಾಯಾಲಯದಲ್ಲಿ ತಮ್ಮ ಪರವಾಗಿ ಏನು ಹೇಳುತ್ತಿದ್ದಾರೆ, ವಿರುದ್ಧವಾಗಿ ಏನು ಹೇಳುತ್ತಿದ್ದಾರೆ ಎಂಬುದು ತಿಳಿಯುತ್ತಿಲ್ಲವಾದ್ದರಿಂದ ಇನ್ನು ಮುಂದೆ ವಾದಗಳು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಅದು ವಿಧಿಸಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ಪರಭಾಷೆಯ ಕಠಿಣ ಶಬ್ದಗಳ ಮುಂದೆ ಕಂಗೆಟ್ಟು ನಿಂತವರ ಮಕ್ಕಳ ಭಾಷೆಯೇ ಇಂದು ನಮ್ಮನ್ನು ಕಂಗೆಡಿಸುತ್ತಿದೆ ಎಂಬುದನ್ನು ನೆನೆದರೆ ಭಯ ಅರ್ಧ ಕಡಿಮೆಯಾಗುತ್ತದೆ.

ಕೊನೆಯದಾಗಿ ಒಂದು ಮಾತು. ಕಠಿಣ ಶಬ್ದಗಳನ್ನು ಕಲಿತವರು ಅವನ್ನೇ ಎಲ್ಲೆಲ್ಲಿಯೂ ಬಳಸಿ ಮೆರೆಯುವುದುಂಟು. ಚಿಕ್ಕ ಶಬ್ದ ಸಾಕಾಗುವಲ್ಲಿ ದೊಡ್ಡ ಶಬ್ದವನ್ನು ಬಳಸಬಾರದೆಂದು ಇಂಗ್ಲಿಷಿನ ಒಳ್ಳೆಯ ಗದ್ಯಲೇಖಕರಲ್ಲೊಬ್ಬನಾದ ಜಾರ್ಜ್ ಆರ್ವೆಲ್ಲನೇ ೧೯೪೬ರ ತನ್ನ ಪ್ರಬಂಧವೊಂದರಲ್ಲಿ ಎಚ್ಚರಿಸಿದ್ದಾನೆ. ದೊಡ್ಡ ಶಬ್ದಗಳನ್ನು ನಾವು ಕಲಿಯಬೇಕಾದುದು ಮುಖ್ಯವಾಗಿ ಇತರರು ಬರೆದುದನ್ನು ತಿಳಿಯುವುದಕ್ಕೆ. ತಿಳಿದ ಮೇಲೆ ಅದನ್ನು ಚಿಕ್ಕ ಮಾತುಗಳಲ್ಲಿ, ಮನೆಯವರ ಮಾತಿನಲ್ಲಿ ಹೇಳುವುದು ಕಲಿಕೆಯ ಎರಡನೆಯ ಅರ್ಧ. ಯೂಸುಫ್ರಕ್ಚುಯರಿ ಎಂಬುದನ್ನು ಭೋಗ್ಯವೆಂದು ಹೇಳಬಲ್ಲವರಿಗೆ ಆ ಶಬ್ದ ಬಂದಿತೆಂದು ಲೆಕ್ಕ. ಬಾರದವರಿಗೆ ಅದರ ಕಾಗುಣಿತ ಮಾತ್ರ ಬಂದಿದೆ.

ಕಿರಿಯ ತರಗತಿಗಳ ಸೋದರ ಸೋದರಿಯರು ಇಂದೇ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ತಮಗೆ ಈಗಾಗಲೇ ಗೊತ್ತಿರುವ ಇನ್‌ಸ್ಪೆಕ್ಟರ್ ಎಂಬ ಶಬ್ದವನ್ನು ಮೊದಲ ಸಾಲಿನಲ್ಲಿ ಬರೆದು, ಅದರ ಪಕ್ಕದಲ್ಲಿ ಪರೀಕ್ಷೆ ಎಂಬ ಕನ್ನಡದ ಶಬ್ದವನ್ನು ಬಿಡಿಸಿ ಬರೆಯಲಿ. ಎರಡನೆಯ ಸಾಲನ್ನು ಅವರೇ ಹುಡುಕಿಕೊಳ್ಳುತ್ತಾರೆ.